ಇಪ್ಪತ್ತಕ್ಕೆ ಆರು ಅಂಕದ ಮಾಮಾ

ಆಯ್ಕೆ ಸಮಿತಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಇಂದಿಗೂ ಮೈ ಉರಿಯುತ್ತದೆ. ಆ ಉರಿಗೆ ಮೊದಲ ಕಿಡಿ ಬಿದ್ದದ್ದು ಧಾರವಾಡದ ಸಪ್ತಾಪುರದಲ್ಲಿ, ನಾವು ಮೂವರು ಗೆಳೆಯರು ಹಂಚಿಕೊಂಡಿದ್ದ ಬಾಡಿಗೆಯ ಖೋಲಿಯಲ್ಲಿ, ಒಂದು ಕಂಪ್ಯೂಟರ್ ಆಟದ ಮುಂದೆ.

ಹೊಸ ಶತಮಾನ ಹುಟ್ಟಿ ನಾಲ್ಕಾರು ವರ್ಷಗಳಾಗಿದ್ದವು. ನಾನು ಎಂ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಢಾಲುಗಳನ್ನು ಟ್ರಂಕಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡಿದ್ದೆ. ಈ ದೇಶದ ಬಹುಪಾಲು ಕೇಡಿಗೆ ವಶೀಲಿಯೇ ಮೂಲವೆಂದು ನಂಬಿದ್ದೆ, ಈಗಲೂ ನಂಬಿದ್ದೇನೆ. ಇನ್ನಿಬ್ಬರಲ್ಲಿ ಒಬ್ಬ ಹುಬ್ಬಳ್ಳಿಯ ಬೆಂಗೇರಿಯವನು, ಎಲ್ಲವನ್ನೂ ನಗೆಯಲ್ಲಿ ತೇಲಿಸುವವನು. ಮತ್ತೊಬ್ಬ ಹುಬ್ಬಳ್ಳಿಯ ಅಂಚಿನ ಗಬ್ಬೂರಿನವನು, ಮಾತು ಕಡಿಮೆ; ಕಂಪ್ಯೂಟರ್ ಅವನದು.

ಆಟದ ಸಿ.ಡಿ.ಯನ್ನು ಹುಬ್ಬಳ್ಳಿಯಿಂದ ತಂದವನೂ ಗಬ್ಬೂರಿನ ಗೆಳೆಯನೇ. ಅವನ ಮಾಮಾ, ಅಂದರೆ ತಾಯಿಯ ತಮ್ಮ, ಒಂದು ಕಾಲಕ್ಕೆ ಹೆಸರುವಾಸಿ ಹಾಕಿ ಆಟಗಾರರು. ಹುಬ್ಬಳ್ಳಿ ಬೈಪಾಸಿನ ಹತ್ತಿರ ಟೈರಿನ ಅಂಗಡಿ ಇಟ್ಟುಕೊಂಡು, ರವಿವಾರಕ್ಕೊಮ್ಮೆ ಓಣಿಯ ಹುಡುಗರಿಗೆ ಸ್ಟಿಕ್ ಹಿಡಿಯಲು ಕಲಿಸುತ್ತಿದ್ದರು. ಸಿ.ಡಿ.ಯ ಹೊದಿಕೆಯ ಮೇಲೆ ‘ಹಾಕಿ’ ಎಂದಿದ್ದುದರಿಂದ ಗೆಳೆಯ ಅದನ್ನು ಕೊಂಡಿದ್ದ. ತೆರೆದು ನೋಡಿದರೆ ಮೈದಾನದ ತುಂಬ ಹಿಮ! ಬೆಂಗೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಲೇ, ಇದು ಫ್ರಿಜ್ಜಿನ್ಯಾಗ ಆಡೂ ಹಾಕಿ ಐತಲೇ!”

ಹಿಮವಾದರೂ ಆಟ ನಮ್ಮನ್ನು ಹಿಡಿದುಕೊಂಡಿತು. ಅದರಲ್ಲಿ ನಾವು ಚೆಂಡು ಹೊಡೆಯುವಂತಿರಲಿಲ್ಲ. ಒಂದು ತಂಡದ ವ್ಯವಸ್ಥಾಪಕರಾಗಿ ಅದನ್ನು ನಡೆಸಬೇಕಿತ್ತು. ಕೋಚ್‌ಗಳನ್ನು ನೇಮಿಸಬೇಕು, ಊರೂರು ತಿರುಗಿ ಹೊಸ ಆಟಗಾರರನ್ನು ಗುರುತಿಸಿ ವರದಿ ಕಳಿಸುವ ಸ್ಕೌಟ್‌ಗಳನ್ನು ನೇಮಿಸಬೇಕು. ನನ್ನ ಮನಸ್ಸು ಸೂರೆಗೊಂಡದ್ದು ಆ ನೇಮಕಾತಿಯ ಪುಟ. ಪ್ರತಿ ಅಭ್ಯರ್ಥಿಯ ಮುಂದೆ ಇಪ್ಪತ್ತಕ್ಕೆ ಇಷ್ಟೆಂದು ಅವನ ಸಾಮರ್ಥ್ಯ ಬರೆದಿರುತ್ತಿತ್ತು: ಹುಡುಗರಿಗೆ ಕಲಿಸುವ ಶಕ್ತಿ, ಆಟಗಾರನನ್ನು ಅಳೆಯುವ ಶಕ್ತಿ, ಅವನು ಮುಂದೆ ಏನಾದಾನೆಂದು ಊಹಿಸುವ ಶಕ್ತಿ. ಯಾರ ಅಳಿಯ, ಯಾವ ಮಠದ ಭಕ್ತ, ಯಾರ ಚೀಟಿ ತಂದವನು ಎಂಬ ಕಲಂ ಇರಲಿಲ್ಲ. ನಾನು ವೇದಿಕೆಯ ಮೇಲೆ ಗಂಟಲು ಹರಿಯುವಂತೆ ಬೇಡುತ್ತಿದ್ದ ಗಣರಾಜ್ಯ ಹದಿನಾಲ್ಕು ಇಂಚಿನ ಪರದೆಯೊಳಗೆ ಸುಮ್ಮನೆ ಕುಳಿತಿತ್ತು.

ಅದು ಒಂದು ವಾರವೂ ಬಾಳಲಿಲ್ಲ. ಒಂದು ಸಂಜೆ ಗ್ರಂಥಾಲಯದಿಂದ ಮರಳಿ ನೋಡುತ್ತೇನೆ: ಮುಖ್ಯ ಕೋಚ್‌ನ ಹೆಸರು ಅಳಿಸಿ ಅಲ್ಲಿ ಬೆಂಗೇರಿಯವನ ಕಾಕಾನ ಹೆಸರು ಬಂದಿದೆ. ಮುಖ್ಯ ಸ್ಕೌಟ್‌ನ ಜಾಗದಲ್ಲಿ ಗಬ್ಬೂರಿನ ಗೆಳೆಯನ ಮಾಮಾ ರಾರಾಜಿಸುತ್ತಿದ್ದಾರೆ. ಸಿಬ್ಬಂದಿಯ ಹೆಸರು ಬದಲಿಸುವ ಅವಕಾಶವನ್ನು ಆ ಆಟವೇ ಕೊಟ್ಟಿತ್ತು. ಅದನ್ನು ಮಾಡಿದವರು ಎಲ್ಲೋ ಹಿಮದ ದೇಶದವರು. ಆ ಅವಕಾಶ ನಮ್ಮ ಕಡೆ ಬಂದರೆ ಏನಾದೀತೆಂದು ಅವರು ಕನಸಿನಲ್ಲಿಯೂ ನೆನೆದಿರಲಾರರು.

“ಊಹೆಯ ಲೋಕದಾಗೂ ವಶೀಲಿ ಬೇಕೇನಲೇ ನಿಮಗ?” ಎಂದು ಕೂಗಿದೆ.

“ನಿಂದೇನ್ ಗಂಟ ಹೋಗತೈತಿ? ನಮ್ಮ ಕಾಕಾ ಜನ್ಮದಾಗ ಒಮ್ಮೆರ ದೊಡ್ಡ ಸಾಹೇಬ ಆಗ್ಲಿ ಬಿಡು,” ಎಂದ ಬೆಂಗೇರಿಯವನು.

ಹೆಸರು ಬದಲಾದರೂ ಅಂಕಗಳು ಬದಲಾಗಿರಲಿಲ್ಲ. ಮಾಮಾನ ಹೆಸರು ಹೊತ್ತ ಆ ಸ್ಕೌಟ್‌ಗೆ ಆಟಗಾರನನ್ನು ಅಳೆಯುವ ಶಕ್ತಿ ಇಪ್ಪತ್ತಕ್ಕೆ ಬರೀ ಆರಿತ್ತು. ಅವನು ಕಳಿಸಿದ ವರದಿಗಳಲ್ಲಿ ಎಲ್ಲರೂ ಭಾವೀ ತಾರೆಗಳೇ. ಅವನ ಮಾತು ನಂಬಿ ತಂದ ಹುಡುಗರು ಹಿಮದ ಮೇಲೆ ಎಡವಿದರು, ತಂಡ ಪಟ್ಟಿಯ ತಳಕ್ಕೆ ಇಳಿಯಿತು. ಹೀಗೇ ನಡೆದರೆ ಆ ತಂಡದ ಕ್ಲಬ್ಬು ವ್ಯವಸ್ಥಾಪಕರಾದ ನಮ್ಮನ್ನೇ ವಜಾ ಮಾಡಿ ಆಟ ಮುಗಿಸುತ್ತಿತ್ತು. ಆ ಸ್ಕೌಟ್‌ನನ್ನು ತೆಗೆಯಬೇಕೆಂದು ನಾನು ವಿಧಿವತ್ತಾಗಿ ಗೊತ್ತುವಳಿ ಮಂಡಿಸಿದೆ. ಅನುಮೋದಿಸಲು ಬೆಂಗೇರಿಯವನು ಕೈಯೆತ್ತಿದ. ಗಬ್ಬೂರಿನವನು ಮಾತ್ರ ಮೌಸನ್ನು ಮುಷ್ಟಿಯಲ್ಲಿ ಹಿಡಿದು ಕುಳಿತ.

“ನಮ್ಮವ್ವನ ಒಡಹುಟ್ಟಿದ ತಮ್ಮ ಅಂವಾ. ‘ತೆಗೆದುಹಾಕು’ ಅನ್ನೂ ಬಟನ್ ನಾ ಹೆಂಗ ಒತ್ತಲಿ? ಕೈ ಬರೂದಿಲ್ಲೋ.”

“ಅಂವಾ ನಿಮ್ಮ ಮಾಮಾ ಅಲ್ಲಲೇ, ಕಂಪ್ಯೂಟರಿನ ಗೊಂಬಿ!”

“ಹೆಸರು ಮಾಮಾಂದ ಐತಿ. ಒಮ್ಮೆ ಹೊರಗ ಹಾಕ್ಯಾರ, ಸಾಕು. ಎರಡನೇ ಸಲಾ ನಮ್ಮ ಖೋಲ್ಯಾಗ ಬ್ಯಾಡ.”

ಎಲ್ಲಿಂದ ಹೊರಗೆ ಹಾಕಿದ್ದರೆಂದು ನಾವು ಕೇಳಿದೆವು. ಅವನು ನಿಧಾನವಾಗಿ ಹೇಳಿದ. ಹಿಂದಿನ ವರ್ಷ ಒಂದು ಕ್ರೀಡಾ ವಸತಿ ಶಾಲೆಯಲ್ಲಿ ಹಾಕಿ ಕೋಚ್‌ನ ಜಾಗ ತೆರವಾಗಿತ್ತು. ಮಾಮಾ ಅಂಗಡಿ ಮುಚ್ಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಮ್ಮ ಹಳೆಯ ಸ್ಟಿಕ್ಕಿಗೆ ಎಣ್ಣೆ ಸವರಿ ಚೀಲದಲ್ಲಿಟ್ಟುಕೊಂಡು ಸಂದರ್ಶನಕ್ಕೆ ಹೋಗಿದ್ದರು. ಮುಂಜಾನೆಯಿಂದ ಬೆಂಚಿನ ಮೇಲೆ ಕೂರಿಸಿದರು. ಊಟದ ಹೊತ್ತು ಮೀರಿದ ಮೇಲೆ ಒಳಗೆ ಕರೆದು ವಯಸ್ಸು ಕೇಳಿದರು, ಊರು ಕೇಳಿದರು, “ಆತು, ಹೋಗ್ರಿ” ಎಂದರು. ಸ್ಟಿಕ್ಕು ಚೀಲದಿಂದ ಹೊರಗೆ ಬರಲೇ ಇಲ್ಲ. ಜಾಗ ಸಮಿತಿಯವರೊಬ್ಬರ ನೆಂಟನಿಗೆ ಹೋಯಿತು. ಆತ ಆಡಿದ್ದು ವಾಲಿಬಾಲ್.

ನನ್ನ ಸಿಟ್ಟಿಗೆ ಅಲ್ಲಿಯವರೆಗೆ ಒಂದೇ ಗುರಿಯಿತ್ತು, ಆ ಗಳಿಗೆಯಲ್ಲಿ ಅದು ಎರಡಾಯಿತು. ಹಾಕಿಯ ಮೇಷ್ಟ್ರನ್ನು ಆರಿಸುವವರು ಹಾಕಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲವೆಂದರೆ ಅದು ಅನ್ಯಾಯಕ್ಕಿಂತ ದೊಡ್ಡದು. ಅದು ಕಲಿಕೆಗೇ ಮಾಡಿದ ಅವಮಾನ. ಹಾಗೆಂದು ಆ ಅವಮಾನಕ್ಕೆ ಮದ್ದಾಗಿ ನಮ್ಮ ಖೋಲಿಯಲ್ಲಿ ಇನ್ನೊಂದು ವಶೀಲಿಯನ್ನು ಸ್ಥಾಪಿಸುವುದೇ? ನಾನು ಗೊತ್ತುವಳಿಯನ್ನು ಹಿಂದೆಗೆದುಕೊಳ್ಳಲಿಲ್ಲ. ಗೆಳೆಯ ಎರಡು ದಿನ ನನ್ನೊಡನೆ ಮಾತು ಬಿಟ್ಟ.

ರವಿವಾರ ಮಧ್ಯಾಹ್ನ ಮಾಮಾ ತಾವೇ ಬಂದರು, ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಆಟ ತೆರೆದೇ ಇತ್ತು. ಕನ್ನಡಕ ಏರಿಸಿ ಬಗ್ಗಿ ನೋಡಿದರು.

“ಏನ್ರಪಾ, ನನ್ನ ಹೆಸರ ಐತಲ್ಲಾ ಇಲ್ಲಿ?”

ಬೆಂಗೇರಿಯವನು ಎಲ್ಲವನ್ನೂ ವಿವರಿಸಿಬಿಟ್ಟ. ನನ್ನ ಗೊತ್ತುವಳಿಯನ್ನೂ ಬಿಡಲಿಲ್ಲ. ಮಾಮಾ ಮೊದಲು ಹಿಮ ನೋಡಿ ಗಹಗಹಿಸಿದರು. “ಜಾರಿ ಬೀಳೂ ಆಟಕ್ಕ ನನ್ನ ಹಚ್ಚೀರೇನಲೇ? ನನ್ನ ಮಣಕಾಲ ಮೊದ್ಲ ಹೋಗ್ಯಾವು!” ಆಮೇಲೆ ಅವರ ಬೆರಳು ಪರದೆಯ ಮೇಲೆ ನಿಂತಿತು. “ಇದೇನು, ಆರು?”

“ಇಪ್ಪತ್ತಕ್ಕ ಆರು, ಮಾಮಾ. ಅದು ಮೊದಲಿದ್ದ ಸ್ಕೌಟ್‌ನ ಅಂಕ, ನಿಮ್ಮದಲ್ಲ,” ಎಂದೆ.

“ಅಂಕಾ ಅಂವಂದು, ಹೆಸರ ನಂದು. ನೋಡಿದವರು ಯಾರದಂತಾರ? ಯಾರ ಮುಂದ ಆಡಿ ತೋರ್ಸಿದ್ನಿ ನಾನು? ಯಾರ ಕೇಳಿದ್ರು ನನ್ನ?” ನಗು ಆರಿಹೋಗಿತ್ತು. ಸೋದರಳಿಯನ ಕಡೆ ತಿರುಗಿದರು. “ನೀನೂ ಅವರಂಗ ಮಾಡಿದೆಲ್ಲೋ. ಅವರು ಕೇಳದ ತಗದ್ರು, ನೀ ಕೇಳದ ತಗೊಂಡಿ.”

ಗೆಳೆಯ ತಲೆ ತಗ್ಗಿಸಿದ. ಮಾಮಾ ಖಾಟಿನ ಮೇಲೆ ಕುಳಿತು ಅಂಗಿಯ ಗುಂಡಿ ಸರಿಪಡಿಸಿಕೊಂಡರು.

“ತಗೀರಿ ಬೇಕಾದ್ರ. ಆದ್ರ ಕೇಳಿ ತಗೀರಿ. ನಡೀರಿ, ಸಂದರ್ಶನಾ ಮಾಡ್ರಿ.”

ಅವರು ಗಂಭೀರವಾಗಿಯೇ ಹೇಳುತ್ತಿದ್ದಾರೆಂದು ತಿಳಿಯಲು ನಮಗೆ ತುಸು ಹೊತ್ತು ಹಿಡಿಯಿತು. ನಾನೂ ಗಂಭೀರನಾದೆ. ಅಭ್ಯರ್ಥಿಯ ಬಂಧು ಸಮಿತಿಯಲ್ಲಿ ಕೂರುವಂತಿಲ್ಲವೆಂದು ಗಬ್ಬೂರಿನ ಗೆಳೆಯನನ್ನು ಪಡಸಾಲೆಗೆ ಕಳಿಸಿದೆ. ಬೆಂಗೇರಿಯವನಿಗೆ ಅಂಗಿ ಹಾಕಿಕೊಳ್ಳಲು ಹೇಳಿದೆ. ಕುರ್ಚಿ ಒಂದೇ ಇದ್ದುದರಿಂದ ಅದನ್ನು ಅಭ್ಯರ್ಥಿಗೆ ಕೊಟ್ಟು, ಸಮಿತಿ ಖಾಟಿನ ಮೇಲೆ ಕುಳಿತಿತು.

“ಒಬ್ಬ ಹುಡುಗ ಭಾಳ ಜೋರ ಓಡತಾನ, ಆದ್ರ ಚೆಂಡು ಯಾರಿಗೂ ಕೊಡೂದಿಲ್ಲ. ಏನು ಮಾಡತೀರಿ?” ಎಂದು ಕೇಳಿದೆ.

“ಒಂದು ವಾರ ಅವನ ಸ್ಟಿಕ್ ಕಸಗೊಂಡು ಗೋಲಿನ ಹಿಂದ ನಿಂದರಸತೇನಿ, ಚೆಂಡು ಆರಸಾಕ. ಚೆಂಡು ತನ್ನ ಕಡೆ ಯಾವಾಗ ಬಂದೀತು ಅಂತ ಕಾಯೂದು ಹೆಂಗಿರತೈತಿ, ಅವಗೂ ತಿಳೀಲಿ.”

ಪ್ರಶ್ನೆಗಳು ಬೆಳೆದವು. ಮಾಮಾ ಎದ್ದು ನಿಂತು, ನಮ್ಮ ಕಸಬರಿಗೆಯನ್ನೇ ಸ್ಟಿಕ್ ಮಾಡಿ, ಪೆನಾಲ್ಟಿ ಕಾರ್ನರ್‌ಗೆ ಹೇಗೆ ನಿಲ್ಲಬೇಕೆಂದು ತೋರಿಸಿದರು. ತಮ್ಮ ಕಾಲದ ಗೋಲುಗಳ ಬಗ್ಗೆ ಒಂದಿಷ್ಟು ಬಡಾಯಿಯನ್ನೂ ಕೊಚ್ಚಿದರು. ಕೊನೆಗೆ ನಾನು ಸ್ಕೌಟ್‌ನ ಪ್ರಶ್ನೆಗೆ ಬಂದೆ.

“ನೀವು ಬ್ಯಾರೆ ಊರಿಗೆ ಹೋಗೀರಿ. ಅಲ್ಲೊಬ್ಬ ಹುಡುಗ ನಿಮ್ಮ ಓಣಿ ಹುಡುಗನಕಿಂತ ಛಲೋ ಆಡತಾನ. ಜಾಗಾ ಒಂದ ಐತಿ. ಯಾರ ಹೆಸರು ಬರೀತೀರಿ?”

ಅಷ್ಟು ಹೊತ್ತು ಗುಡುಗಿದವರು ಮೆತ್ತಗಾದರು.

“ಖರೇ ಹೇಳ್ಲೇನು? ನಮ್ಮ ಓಣಿ ಹುಡುಗಂದು. ನಾ ಬಿಟ್ರ ಅವಗ ಯಾರದಾರ?”

ವಶೀಲಿಯ ಪರವಾಗಿ ನಾನು ಕೇಳಿದ ವಾದಗಳಲ್ಲಿ ನನ್ನ ಬಾಯಿ ಕಟ್ಟಿದ್ದು ಅದೊಂದೇ. ಬಾಗಿಲೇ ಇಲ್ಲದ ಗೋಡೆ ಕಟ್ಟಿದವರಿಗೆ ಯಾರೂ ಏನೂ ಅನ್ನುವುದಿಲ್ಲ, ಅದರಲ್ಲಿ ಕಿಂಡಿ ಕೊರೆಯುವವನಿಗೆ ಕಳ್ಳನೆಂಬ ಹೆಸರು. ಆದರೂ ಆ ಬೇರೆ ಊರಿನ ಹುಡುಗ ನನ್ನ ಕಣ್ಣ ಮುಂದೆ ನಿಂತಿದ್ದ. ಅವನಿಗೂ ಯಾರೂ ಇರಲಿಲ್ಲ.

ಮಾಮಾನನ್ನು ಹೊರಗೆ ಕಳಿಸಿ ನಾವಿಬ್ಬರು ಚರ್ಚಿಸಿದೆವು. ಮತ್ತೆ ಒಳಗೆ ಕರೆದು, ಎದ್ದು ನಿಂತು ತೀರ್ಪು ಹೇಳಿದೆ.

“ಮಾಮಾ, ಸ್ಕೌಟ್‌ನ ಜಾಗಾ ನಿಮಗ ಕೊಡಾಕ ಬರೂದಿಲ್ಲ. ಕಾರಣ, ನೀವು ನಿಮ್ಮ ಓಣಿಯವರ ಕಡೆ ವಾಲತೀರಿ. ಕೋಚ್‌ನ ಜಾಗಾಕ್ಕ ನೀವು ಯೋಗ್ಯರು. ಆದ್ರ ಅಲ್ಲಿ ಈಗ ಇವನ ಕಾಕಾ ಅದಾರ.”

“ಅವರನ್ನೂ ಕರಸೋಣು,” ಎಂದ ಬೆಂಗೇರಿಯವನು. “ಆದ್ರ ನಮ್ಮ ಕಾಕಾ ಕಸಬರಿಗಿ ಹಿಡ್ಯಾಂಗಿಲ್ಲ, ಮೊದ್ಲ ಹೇಳತೇನಿ.”

ಪಡಸಾಲೆಯಿಂದ ಒಳಗೆ ಬಂದ ಸೋದರಳಿಯನೇ ಬಟನ್ ಒತ್ತಿದ. ಹೆಸರು ಅಳಿಯುವುದನ್ನು ಮಾಮಾ ಅವನ ಹೆಗಲ ಮೇಲೆ ಕೈಯಿಟ್ಟು ನೋಡಿದರು.

ನೇಮಕದ ಗೊಂದಲ ಬಗೆಹರಿಯುವ ಮೊದಲೇ ತಂಡ ಮತ್ತೆ ಸೋತು, ಮುಂದಿನ ವಾರ ಆ ಕ್ಲಬ್ಬು ನಮ್ಮನ್ನು ಮನೆಗೆ ಕಳಿಸಿತು. ಕಳಿಸುವಾಗ, ಒಂದೇ ಸಾಲಾದರೂ, ಕಾರಣ ಬರೆದಿತ್ತು. ಜೀವವಿಲ್ಲದ ಯಂತ್ರ ಪಾಲಿಸಿದ ಆ ಮರ್ಯಾದೆಯನ್ನು ಆ ವಸತಿ ಶಾಲೆಯ ಸಮಿತಿ ಮಾಮಾನಿಗೆ ಎಂದೂ ತೋರಿಸಲಿಲ್ಲ. ಆಮೇಲೆ ನಾನು ಹಲವು ಕಚೇರಿಗಳ ಮೆಟ್ಟಿಲು ಹತ್ತಿ, ಹಲವರ ಪರವಾಗಿ ಕೇಳಿದ್ದು ಇಷ್ಟನ್ನೇ: ಬೇಡವೆನ್ನಿ, ಆದರೆ ಏಕೆಂದು ಹೇಳಿ. ಬಹಳ ಕಡೆ ಉತ್ತರವಾಗಿ ಬಂದದ್ದು ಫ್ಯಾನಿನ ಸದ್ದು.

ಆ ಮಧ್ಯಾಹ್ನ ಮಾತ್ರ ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಳ್ಳುತ್ತಿರುವಾಗ ಮಾಮಾ ಒಮ್ಮೆಲೇ ತೋಳು ಏರಿಸಿದರು.

“ವಾಲತೇನಿ ಅಂದ್ರೆಲ್ಲಾ, ಅದು ತಪ್ಪು. ನಮ್ಮ ಓಣಿ ಹುಡುಗೂರು ಖರೇನ ಛಲೋ ಆಡತಾರ. ಬಂದು ನೋಡೀರೇನು ನೀವು? ನೋಡದ ಹೆಂಗ ತೀರ್ಪು ಕೊಟ್ರಿ?”

“ಮಾಮಾ, ತೀರ್ಪು ಆಗೇತಿ,” ಎಂದೆ.

“ಆಗ್ಲಿ ತಗೋ. ಕಾರಣಾ ಹೇಳೀರಿ, ಇನ್ನ ಜಗಳಾ ಮಾಡಾಕ ಬರತೈತಿ.” ಶೇಂಗಾ ಚಟ್ನಿಯನ್ನು ನನ್ನ ಕಡೆ ಸರಿಸಿ, ಹುಬ್ಬಳ್ಳಿಯ ಬಸ್ಸು ಬಿಟ್ಟರೂ ಬಿಡಲಿ ಎನ್ನುವವರಂತೆ ಕುರ್ಚಿಯನ್ನು ಎಳೆದುಕೊಂಡು ಕುಳಿತರು.