ಟೆಲಿಫೋನ್ ಅಕ್ಕನ ಸರದಿ

ಅವಳ ಬಲಗಿವಿ ಎಡಗಿವಿಯ ಹಾಗಿರಲಿಲ್ಲ. ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗಿ ತಲೆಗೆ ಅಂಟಿಕೊಂಡಿತ್ತು. ಕಿವಿಗೆ ಹಾಕಿಕೊಳ್ಳುವ ಫೋನಿನ ಪಟ್ಟಿ ನೆತ್ತಿಯ ಮೇಲೆ ಕೂತು ಕೂತು ಕೂದಲಲ್ಲಿ ಅಡ್ಡಕ್ಕೆ ಒಂದು ಹಳ್ಳ ಬಿದ್ದಿತ್ತು. ಎಣ್ಣೆ ಹಚ್ಚಿ ಬಾಚಿದರೂ ಅದು ಹೋಗುತ್ತಿರಲಿಲ್ಲ.

ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹಗಲು ಪಾಳಿ ಅವಳೊಬ್ಬಳದೇ. ನಾನು ಮಿಡಿಗೇಶಿ ಕಡೆಯವಳು, ಮದುವೆಯಾಗಿ ಬಂದು ಪೇಟೆಗೆ, ಆ ಎಕ್ಸ್‌ಚೇಂಜಿಗೂ ಹಾಲು ಹಾಕುತ್ತಿದ್ದೆ. ಎಪ್ಪತ್ತರ ದಶಕದ ಮಾತು. ನನ್ನ ಓದು ಮೂರನೇ ಕ್ಲಾಸಿಗೇ ಮುಗಿದಿತ್ತು. ಊರೆಲ್ಲ ಅವಳನ್ನು ಟೆಲಿಫೋನಮ್ಮ ಅನ್ನುತ್ತಿತ್ತು, ನಾನು ಅಕ್ಕ ಅನ್ನುತ್ತಿದ್ದೆ.

ಅವಳ ಮುಂದೆ ಆಳೆತ್ತರದ ಮರದ ಹಲಗೆ, ಅದರ ತುಂಬ ತೂತು. ಪ್ರತಿ ತೂತಿಗೂ ಉಗುರಿನಷ್ಟು ಒಂದು ಮುಚ್ಚಳ. ಊರಲ್ಲಿ ಯಾರಾದರೂ ತಮ್ಮ ಫೋನಿನ ಹಿಡಿ ತಿರುಗಿಸಿದರೆ ಇಲ್ಲಿ ಅವರ ಮುಚ್ಚಳ ಟಪ್ ಅಂತ ಬೀಳುತ್ತಿತ್ತು. ಅಕ್ಕ ಅಲ್ಲಿಗೆ ತಂತಿಯ ಒಂದು ತುದಿ ಚುಚ್ಚಿ "ನಂಬರ್ ಪ್ಲೀಸ್" ಅಂತಿದ್ದಳು. ಅವರು ಯಾರನ್ನು ಕೇಳುತ್ತಾರೋ ಅವರ ತೂತಿಗೆ ಇನ್ನೊಂದು ತುದಿ. ಅಷ್ಟೇ ತಾನೆ ಅಂತೀರಿ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಅಲ್ಲಿ ನಿಂತು ನೋಡಬೇಕಿತ್ತು. ಆಲಿಕಲ್ಲು ಬಿದ್ದ ಹಾಗೆ ಮುಚ್ಚಳ ಬೀಳುತ್ತಿದ್ದವು. ಅವಳಿಗೆ ಇದ್ದದ್ದು ಎರಡು ಕೈ, ಒಂದು ಬಾಯಿ. ಮೊದಲು ಬಿದ್ದದ್ದು ಯಾವುದು, ಆಮೇಲಿನದು ಯಾವುದು ಅನ್ನೋದು ತಪ್ಪುತ್ತಿರಲಿಲ್ಲ. ಸಾಹುಕಾರನಿಗೂ ಅದೇ ದನಿ, ಸೋಡಾ ಅಂಗಡಿಯವನಿಗೂ ಅದೇ ದನಿ. ಸಂಜೆ ಮಂದೆ ಬಂದಾಗ ಮರಿಗಳನ್ನು ಬಿಟ್ಟರೆ ಒಂದೊಂದೂ ತನ್ನ ತಾಯಿ ಕೆಚ್ಚಲಿಗೇ ಹೋಗಿ ಸೇರುತ್ತಲ್ಲ, ಹಾಗೆ ಸೇರಿಸುತ್ತಿದ್ದಳು. ನಾನು ಹಾಲಿನ ಕ್ಯಾನು ಹಿಡಿದು ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಮಜ್ಜಿಗೆ ಕೊಟ್ಟರೆ ಅರ್ಧ ಲೋಟ ಕುಡಿದು ಇಟ್ಟುಬಿಡುತ್ತಿದ್ದಳು. "ಪೂರ್ತಿ ಕುಡಿದ್ರೆ ಎದ್ದು ಹೋಗ್ಬೇಕಾಗುತ್ತೆ ಕಣೇ. ಯಾರು ಯಾವಾಗ ಕೂಗ್ತಾರೋ."

ನಾನು ಮೊದಲ ಸಲ ಫೋನು ಮಾಡಿದ್ದೂ ಅಲ್ಲಿಂದಲೇ. ನನ್ನ ಗಂಡ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದ. ಅಲ್ಲಿನ ಒಂದು ಟೀ ಅಂಗಡಿಗೆ ಫೋನಿತ್ತು. ಎಮ್ಮೆ ಕರು ಹಾಕಿದೆ ಅಂತ ಹೇಳಬೇಕಿತ್ತು. ನಾನು ಅಕ್ಕನ ಮುಂದೆ ನಿಂತು, ಎಮ್ಮೆ ರಾತ್ರಿಯಿಂದ ನರಳಿದ್ದು, ಕರುವಿನ ಹಣೆಯ ಚುಕ್ಕೆ, ಎಲ್ಲಾ ಹೇಳಿ, "ಇಷ್ಟನ್ನೂ ಕಳಿಸ್ಬುಡಕ್ಕ" ಅಂದು ಹೊರಟೆ.

"ಲೇ ಹಾಲಿನವಳೇ, ನಿಂತ್ಕೊ. ನನಗ್ಯಾಕೆ ಹೇಳ್ತೀಯ? ನಾನೇನು ಹೊತ್ಕೊಂಡು ಹೋಗ್ತೀನಾ? ಯಾವ ಊರು, ಯಾವ ನಂಬರು, ಯಾರು ಬೇಕು, ಅಷ್ಟು ಕೇಳು. ಆಮೇಲೆ ಬಾಯ್ಮುಚ್ಕೊಂಡು ಕಾಯಿ."

ಕಾದೆ. ಆ ಕಡೆಯಿಂದ ಯಾರೋ "ಎವರು?" ಅಂತ ತೆಲುಗಿನಲ್ಲಿ ಗದರಿದಾಗ ಹೆದರಿ ಕೆಳಗಿಡಲು ಹೋದೆ. ಅಕ್ಕ ಕಣ್ಣಲ್ಲೇ ಗದರಿದಳು. ಅಷ್ಟು ದೂರದಿಂದ ನನ್ನ ಗಂಡನ ಕೆಮ್ಮು ಕಿವಿಗೆ ಬಂದಾಗ ಮೈ ಜುಮ್ಮೆಂದಿತು. ಅಕ್ಕ ಆಗಲೇ ಇನ್ಯಾರಿಗೋ "ನಂಬರ್ ಪ್ಲೀಸ್" ಅನ್ನುತ್ತಿದ್ದಳು.

ಒಂದು ದಿನ ಸಿರಾ ಬಸ್ಸಿನ ಕಂಡಕ್ಟರು ಎಕ್ಸ್‌ಚೇಂಜಿಗೆ ಓಡಿಬಂದ. "ಅಮ್ಮ, ನಿಮ್ಮಪ್ಪನ್ನ ಸಿರಾ ಆಸ್ಪತ್ರೆಗೆ ಸೇರ್ಸವ್ರೆ. ತುಮಕೂರಿಗೆ ತಕ್ಷಣ ಕರ್ಕೊಂಡೋಗಿ ಅಂತಾರೆ ಡಾಕ್ಟ್ರು. ಇನ್ನೇನು ಉಳಿಯಲ್ಲ, ಮನೆಗೆ ಎತ್ಕೊಂಡೋಗಾನ ಅಂತಾರೆ ನಿಮ್ಮ ಚಿಕ್ಕಪ್ಪ. ನಿಮ್ಮ ತಮ್ಮ ಸುಮ್ನೆ ಅಳ್ತಾ ಕೂತವ್ನೆ."

ಅವಳ ಜಾಗಕ್ಕೆ ಬರುವವನು ಸಂಜೆಗೆ ಬರಬೇಕು. ಅಲ್ಲಿಯವರೆಗೆ ಏಳುವ ಹಾಗಿಲ್ಲ. ಅವಳ ಮಾತು ಸಿರಾಕ್ಕೆ ಹೋದರೆ ಅಪ್ಪ ತುಮಕೂರಿಗೆ, ಇಲ್ಲದಿದ್ದರೆ ಮನೆಯ ಜಗುಲಿಗೆ. ಸಿರಾಕ್ಕಿದ್ದದ್ದು ಒಂದೇ ಲೈನು. ಅದೂ ಅವತ್ತು ಬೆಳಿಗ್ಗೆಯಿಂದ ಬಂದು ಹೋಗಿ ಮಾಡುತ್ತಿತ್ತು. ಹುಣಸೆಹಣ್ಣಿನ ಮಂಡಿಯವರು, ಬಟ್ಟೆ ಅಂಗಡಿಯವರು ಆಗಲೇ ಕೇಳಿ ಕಾಯುತ್ತಿದ್ದರು. ಅಕ್ಕ ಒಂದು ಚೀಟಿಯಲ್ಲಿ ತನ್ನ ಕರೆಯನ್ನೂ ಬರೆದು ಅವರಿಬ್ಬರ ಚೀಟಿಗಳ ಕೆಳಗಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. "ನಿಂಗೆ ತಲೆ ನೆಟ್ಟಗೈತಾ? ತಂತಿ ನಿನ್ನ ಕೈಯಾಗೇ ಐತೆ. ಚುಚ್ಚು!"

"ಅವರಿಬ್ಬರಿಗೂ ಲೈನ್ ಖಾಲಿ ಇಲ್ಲ, ಕಾಯಿರಿ ಅಂತ ಈಗ ತಾನೇ ಹೇಳಿದೀನಿ. ನಾನೇ ನುಗ್ಗಿದ್ರೆ ಆ ಮಾತು ಸುಳ್ಳಾಗುತ್ತೆ. ಆಮೇಲೆ ಈ ಹಲಗೇನ ಯಾರು ನಂಬ್ತಾರೆ?"

ಹೇಳುವಾಗ ದನಿ ಅದೇ. ಆದರೆ ಕೈಯಲ್ಲಿದ್ದ ತಂತಿ ತೂತು ಸಿಕ್ಕದೆ ಹಲಗೆಯ ಮೇಲೆ ತಡಕಾಡಿತು. ಅದನ್ನು ನಾನು ಹಿಂದೆ ಎಂದೂ ನೋಡಿರಲಿಲ್ಲ.

"ಕೇಳ್ದೋರೇ ಬ್ಯಾಡ ಅಂದ್ರೆ?"

"ಆಗ ಬೇರೆ ಮಾತು."

ಕ್ಯಾನು ಅಲ್ಲೇ ಇಟ್ಟು ನಡೆದೆ. ಇಬ್ಬರ ಮನೆಗೂ ಹಾಲು ನನ್ನದೇ. ಮಂಡಿಯ ಸಾಹುಕಾರ ನನ್ನ ಮಾತು ಕೇಳಿ ಲೆಕ್ಕದ ಪುಸ್ತಕ ಮುಚ್ಚಿದ. "ದಿನಾ ಅವಳ ದನಿ ಕೇಳ್ತೀನಿ. ಅವಳಿಗೂ ಒಬ್ಬ ಅಪ್ಪ ಇರ್ತಾನೆ ಅಂತ ಹೊಳೆದೇ ಇರ್ಲಿಲ್ಲ ಕಣಮ್ಮ" ಅಂದು, ತನ್ನ ಕರೆ ಈಗ ಬೇಡ ಅನ್ನಲು ಫೋನಿನ ಹಿಡಿ ತಿರುಗಿಸಿದ. ಬಟ್ಟೆ ಅಂಗಡಿಯವನು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

"ನನ್ನ ಸರಕು ಸಿರಾದಾಗೆ ನಿಂತೈತೆ. ಬುಡಕ್ಕಾಗಲ್ಲ."

"ಆಗ್ಲಿ ಬುಡು. ನಾಳೆಯಿಂದ ಟೀಗೆ ಆ ಸರಕನ್ನೇ ಹಿಂಡ್ಕೊ, ನನ್ನ ಹಾಲು ಕೇಳ್ಬ್ಯಾಡ."

"ಅಯ್ಯೋ, ಇವಳ ಬಾಯಿಗಿಷ್ಟು" ಅಂತ ನಕ್ಕು, ಅವನೂ ಹಿಡಿ ತಿರುಗಿಸಿದ.

ನಾನು ವಾಪಸ್ಸು ಬರುವ ಹೊತ್ತಿಗೆ ಅಕ್ಕನ ಸರದಿ ಬಂದಿತ್ತು. ಸಿರಾ ಎಕ್ಸ್‌ಚೇಂಜಿನವಳಿಗೆ "ಆಸ್ಪತ್ರೆ ಕೊಡಿ. ನನ್ನ ತಮ್ಮ ಬೇಕು" ಅಂದಳು. ನಾನೂ ನಿನ್ನ ಹಾಗೇ ಹಲಗೆ ಮುಂದೆ ಕೂರುವವಳು, ಬೇಗ ಕೊಡು ಅಂತ ಒಂದು ಮಾತು ಸೇರಿಸಲಿಲ್ಲ. ಬಾಯಿ ಮುಚ್ಚಿಕೊಂಡು ಕಾದಳು, ನನಗೆ ಕಲಿಸಿದ ಹಾಗೇ. ಎಲ್ಲರಿಗೂ ಕೊಡುವವಳು ಕೇಳುವವಳಾಗಿ ಕೂತದ್ದನ್ನು ಅವತ್ತು ನೋಡಿದೆ. ದೇವರ ಮುಂದೆ ನಿಂತಾಗಲೂ ನನಗೆ ಹಾಗೆ ಆಗಿಲ್ಲ.

"ಅಳಬೇಡ. ತುಮಕೂರಿಗೆ ಹೊರಡಿ. ಚಿಕ್ಕಪ್ಪನಿಗೆ ಅಕ್ಕ ಹೇಳಿದಳು ಅನ್ನು."

ಅಷ್ಟೇ. ತಂತಿ ಕಿತ್ತಳು. ಆಗಲೇ ಇನ್ನೊಂದು ಮುಚ್ಚಳ ಬಿದ್ದಿತ್ತು. "ನಂಬರ್ ಪ್ಲೀಸ್." ಆಮೇಲೆ ನನ್ನ ಕಡೆ ತಿರುಗದೇ, "ಕ್ಯಾನು ದಾರಿಯಲ್ಲಿಟ್ಟು ಹೋಗಿದ್ದೀಯ. ಯಾರಾದ್ರೂ ಎಡವಿದ್ರೆ?" ಅಂದಳು. ಚಪ್ಪಟೆ ಕಿವಿ ಕೆಂಪಾಗಿತ್ತು.

ಅವಳಪ್ಪ ಬದುಕಿದ. ಆಮೇಲೂ ಬಹಳ ವರ್ಷ ಮುದ್ದೆ ಉಂಡ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ತಾನೇ ಲೈನು ಕೊಡುವ ಪೆಟ್ಟಿಗೆಗಳು ಬಂದವು. ಹಲಗೆ ಬಿಚ್ಚಿ ಲಾರಿಗೆ ಹಾಕಿದರು. ಅಕ್ಕನನ್ನು ತುಮಕೂರಿಗೆ ವರ್ಗ ಮಾಡಿದರು. ಅವಳು ತೀರಿಕೊಂಡದ್ದನ್ನು ಆ ತಮ್ಮನೇ ಫೋನು ಮಾಡಿ ಹೇಳಿದ. ನಡುವೆ "ನಂಬರ್ ಪ್ಲೀಸ್" ಅನ್ನುವವರು ಯಾರೂ ಇರಲಿಲ್ಲ. ನಾನು ಅಳಲಿಲ್ಲ, ನನಗದು ಬರುವುದಿಲ್ಲ. ಆದರೆ ಇವತ್ತಿಗೂ ಯಾರ ಹತ್ತಿರ ಏನು ಕೇಳಬೇಕಾದರೂ ಬೇಕಾದಷ್ಟನ್ನೇ ಕೇಳಿ ಸುಮ್ಮನೆ ನಿಲ್ಲುತ್ತೇನೆ. ಅದು ಅವಳು ಕೊಟ್ಟದ್ದು.

ಮೊನ್ನೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ನಿಂತಿದ್ದೆ. "ಸರ್ವರ್ ಇಲ್ಲ ಕಣಜ್ಜಿ, ಕಾಯಿ" ಅಂದ ಅಂಗಡಿಯವನು.

"ಅದೇನಪ್ಪ ಹಂಗಂದ್ರೆ?"

"ನಮ್ಮದು ಬರೀ ಕೇಳೋ ಮಿಷನ್ನು ಅಜ್ಜಿ. ಎಲ್ಲಾ ಊರಿನ ಮಿಷನ್ನು ಕೇಳಿದ್ದಕ್ಕೂ ಒಂದು ಕಡೆ ಕೂತು ಉತ್ತರ ಕೊಡೋದು ಅದು. ನೀನು ಅದನ್ನ ನೋಡಿರಕ್ಕಿಲ್ಲ ಬುಡು."

"ನೋಡಿವ್ನಿ ಕಣಪ್ಪ," ಅಂದೆ. "ಅದಕ್ಕೆ ದಿನಾ ಹಾಲು ಹಾಕ್ತಿದ್ದೋಳೇ ನಾನು."