ಹಳದಿಗೆ ತಿರುಗಿದ ಆರತಿ

ಮದುವೆಯಾಗಿ ಶ್ರೀನಿವಾಸಪುರದಿಂದ ವಕ್ಕಲೇರಿ ಹತ್ತಿರದ ಈ ಮನೆಗೆ ಬಂದ ದಿನ ಹೊಸ್ತಿಲಲ್ಲಿ ನನಗೆ ಆರತಿ ಎತ್ತಿದರು. ಅರಿಶಿನದ ನೀರಿಗೆ ಸುಣ್ಣ ಕದಡಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತಿರುವುದೇ. ಅವತ್ತೂ ಕೆಂಪಾಯಿತು. ಆದರೆ ತಟ್ಟೆ ಸುತ್ತಿ ಮುಗಿಸುವಷ್ಟರಲ್ಲಿ ಆ ಕೆಂಪು ಹೋಗಿ ನೀರು ಮತ್ತೆ ಹಳದಿಗೆ ತಿರುಗಿತು. ಗಂಡನ ಸೋದರತ್ತೆ "ಇದೇಂಟಮ್ಮಾ!" ಎಂದು ತೆಲುಗಿನಲ್ಲಿ ಉದ್ಗರಿಸಿ ಬಾಯಿಯ ಮೇಲೆ ಕೈಯಿಟ್ಟರು.

ಅಲ್ಲಿಗೆ ನನ್ನ ಕಾಲ್ಗುಣ ಸರಿಯಿಲ್ಲ ಎಂದಾಯಿತು. ಬೋರ್‌ವೆಲ್ ಮೋಟರ್ ಸುಟ್ಟರೆ ನಾನು, ಹಸುವಿಗೆ ಕೆಚ್ಚಲು ಬಾವು ಬಂದರೆ ನಾನು. ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಬೇರೆಯವರು ಅಂದಾಗ ತಡೆಯುತ್ತಲೂ ಇರಲಿಲ್ಲ. ನನಗೆ ಅನುಮಾನ ವಾರಗಿತ್ತಿಯ ಮೇಲೆ. ಅವತ್ತು ತಟ್ಟೆ ಹಿಡಿದಿದ್ದವಳು ಅವಳೇ. ಏನೋ ಬೆರೆಸಿದ್ದಾಳೆ ಇವಳು, ಸುಮ್ಮಸುಮ್ಮನೆ ಬಣ್ಣ ಹೋಗುತ್ತದಾ? ಅವಳು ಕೊಟ್ಟ ಕಾಫಿಯನ್ನೂ ಮೂಸಿ ನೋಡಿ ಕುಡಿಯುತ್ತಿದ್ದೆ.

ಬಾಣಂತನಕ್ಕೆ ತವರಿಗೆ ಹೋದಾಗ ಮಗಳ ಬಟ್ಟೆಗೆ ಅರಿಶಿನ ಮೆತ್ತಿತ್ತು. ಸೋಪು ಹಚ್ಚಿದ್ದೇ ತಡ, ಕಲೆ ರಕ್ತದ ಹಾಗೆ ಕೆಂಪಾಯಿತು. ಕಿರುಚಿಕೊಂಡೆ. ಅಮ್ಮ ನಕ್ಕಳು. "ಲೇ ಪೆದ್ದಿ, ಸೋಪಿಗೆ ಅರಿಶಿನ ಕೆಂಪಾಗ್ತದೆ ಕಣೇ. ನಿಂಬೆಹಣ್ಣು ಹಿಂಡು, ಹೋಗ್ತದೆ." ಹಿಂಡಿದೆ. ಕೆಂಪು ಹೋಗಿ ಹಳದಿ ಬಂತು. ಸೋಪು, ಸುಣ್ಣ ಎಲ್ಲ ಕ್ಷಾರ, ನಿಂಬೆ ಆಮ್ಲ. ಹೈಸ್ಕೂಲಿನಲ್ಲಿ ಲಿಟ್ಮಸ್ ಕಾಗದ ಅದ್ದಿ ಅದ್ದಿ ಪಾಸಾದವಳು ನಾನು, ಆರತಿ ತಟ್ಟೆಯ ಮುಂದೆ ಒಂದಕ್ಷರವೂ ತಲೆಗೆ ಬಂದಿರಲಿಲ್ಲ! ಹಾಗಾದರೆ ಅವತ್ತು ತಟ್ಟೆಗೆ ಹುಳಿ ಬಿದ್ದಿತ್ತು. ಹಾಕಿದ್ದು ಯಾರು?

ಮಗಳನ್ನು ಎತ್ತಿಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಇದೇ ಯೋಚನೆ. ನನಗಂಟಿದ್ದು ನನಗಿರಲಿ. ಇನ್ನೂ ನೆಲಕ್ಕೆ ಕಾಲೂರದ ಕೂಸಿಗೂ ಕಾಲ್ಗುಣದ ಮಾತು ಬಂದರೆ ಸುಮ್ಮನಿರುವವಳಲ್ಲ ನಾನು. ಹೊಸ್ತಿಲಲ್ಲಿ ಮತ್ತೆ ವಾರಗಿತ್ತಿಯೇ ತಟ್ಟೆ ಹಿಡಿದಿದ್ದಳು. "ತಡಿ, ನೋಡ್ತೀನಿ" ಎಂದು ಬಗ್ಗಿದೆ. ನೀರು ಕೆಂಪಗಿತ್ತು, ಕೊನೆಯವರೆಗೂ ಕೆಂಪಗೇ ಇತ್ತು. "ಮಗು ಕಾಲ್ಗುಣ ಚೆನ್ನಾಗೈತೆ" ಎಂದು ಸೋದರತ್ತೆ ಲಟಿಕೆ ಮುರಿದರು.

ನನ್ನ ಕಣ್ಣು ಮಾತ್ರ ತಟ್ಟೆಯ ಅಂಚಿನ ಮೇಲೆ. ಅಲ್ಲಲ್ಲಿ ಬಿಳಿ ಚುಕ್ಕೆಗಳು. ಈ ಮನೆಯಲ್ಲಿ ಪೂಜೆಯ ಹಿತ್ತಾಳೆ ತಿಕ್ಕುವುದು ಅತ್ತೆ ಒಬ್ಬರೇ. ನಮ್ಮ ಬೋರ್ ನೀರು ಗಡಸು, ಒಣಗಿದರೆ ಬಿಳಿ ಕಲೆ ಕೂರುತ್ತದೆ. ಅದಕ್ಕೇ ಅವರು ಹುಣಸೆಹಣ್ಣಿನಲ್ಲಿ ತಿಕ್ಕಿ, ನೀರು ಸೋಕಿಸದೆ ಒಣಬಟ್ಟೆಯಲ್ಲಿ ಒರೆಸಿಟ್ಟುಬಿಡುತ್ತಾರೆ. ಹೊಳಪು ಹೋಗಬಾರದಲ್ಲ! ಅವತ್ತಿನ ಹುಳಿ ಆ ಹುಣಸೆಹಣ್ಣಿನದು. ಈ ಸಲ ಮಾತ್ರ ತಟ್ಟೆಯನ್ನು ಚೆನ್ನಾಗಿ ತೊಳೆದಿದ್ದರು.

ಅಡುಗೆಮನೆಯಲ್ಲಿ ಒಬ್ಬರೇ ಸಿಕ್ಕಾಗ ಕೇಳಿದೆ. "ತಟ್ಟೆ ಯಾಕತ್ತೆ ತೊಳೆದ್ರಿ? ಯಾವತ್ತೂ ತೊಳೆಯೋರಲ್ಲ."

"ಹುಣಸೆಹಣ್ಣು ಅಂಟಿದ್ರೆ ಕೆಂಪು ನಿಲ್ಲಲ್ಲ ಕಣೇ."

"ಅದು ಯಾವಾಗ ಗೊತ್ತಾಯ್ತು?"

ಅತ್ತೆ ಒಲೆಯ ಕಡೆ ತಿರುಗಿದರು. "ನೀನು ಬಂದ ಮಾರನೇ ದಿನ. ತಟ್ಟೆ ಎತ್ತಿಡೋವಾಗ ಹುಣಸೆಹಣ್ಣು ಅಂಟಿದ್ದು ಕಾಣಿಸ್ತು. ಅಷ್ಟೊತ್ತಿಗೆ ಎಲ್ರೂ ನಿನ್ನ ಕಾಲ್ಗುಣ ಅಂದಾಗಿತ್ತು. ಹೇಳಿದ್ರೆ ನನ್ನ ಮೇಲೆ ಬರ್ತಿತ್ತು."

ಅವರು ಸೆರಗಿಗೆ ಕೈ ಒರೆಸಿಕೊಂಡು, "ಕೊಡು, ಮೊಮ್ಮಗಳನ್ನ ಎತ್ಕೊತೀನಿ" ಎಂದು ಎರಡೂ ಕೈ ಚಾಚಿದರು. ನಾನು ಹೊರಗೆ ಹೋಗಿ ಮಗುವನ್ನು ವಾರಗಿತ್ತಿಯ ಕೈಗೆ ಕೊಟ್ಟೆ.