ಬದನೆಕಾಯಿ ಕೊರೆದ ಮಷೀನು

ವೃತ್ತ ಕೊರೆ ಅಂದರೆ ನನ್ನ ಮಷೀನು ಬದನೆಕಾಯಿ ಕೊರೆಯಿತು.

ಉತ್ಪ್ರೇಕ್ಷೆ ಅಲ್ಲ. ಪ್ಲೈವುಡ್ ಮೇಲೆ ದುಂಡಗೆ ಶುರುವಾದ ಗೆರೆ ಅರ್ಧ ದಾರಿಯಲ್ಲಿ ಸೊಟ್ಟಗಾಗಿ, ಹೊರಟ ಜಾಗಕ್ಕೆ ವಾಪಸ್ ಬರಲೇ ಇಲ್ಲ. ನಾವಿರುವ ನಾಸಿಕ್‌ನಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಮರಾಠಿ. ಇಣುಕಿ ನೋಡಿ, ‘ಪಪ್ಪಾ, ಹೇ ತರ್ ವಾಂಗಂ ಆಹೇ!’ ಅಂದಳು. ವಾಂಗಂ ಅಂದರೆ ಬದನೆಕಾಯಿ. ಹಾಗಾಗಿ ಹೋಲಿಕೆ ಅವಳದು, ನನ್ನದಲ್ಲ.

ಬ್ಯಾಂಕಿನಲ್ಲಿ ಕೂತು ಸಹಿ ಹಾಕುವವನಿಗೆ ಸಿಎನ್‌ಸಿ ಮಷೀನು ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. (ನನ್ನ ಹೆಂಡತಿ ಆಗಲೇ ಕೇಳಿದ್ದಾಳೆ.) ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಹಾಗೇ ಮರದಲ್ಲಿ ಕೊರೆದು ಕೊಡುವ ಯಂತ್ರ ಅದು. ವಿಡಿಯೋ ನೋಡಿ ನೋಡಿ ಹುಚ್ಚು ಹಿಡಿದಿತ್ತು. ನೆಪವೂ ಸಿಕ್ಕಿತು. ಸಂಭಾಜಿನಗರದಲ್ಲಿರುವ ನಾದಿನಿ ಹೊಸ ಮನೆ ಕಟ್ಟಿಸುತ್ತಿದ್ದಳು. ಎಲ್ಲರ ಮುಂದೆ ಎದೆ ತಟ್ಟಿಕೊಂಡು, ‘ದೇವರ ಮನೆ ಬಾಗಿಲು ನನ್ನದು, ನಾನೇ ಮಾಡಿಕೊಡ್ತೀನಿ’ ಅಂದುಬಿಟ್ಟೆ. ಬಾಗಿಲ ತುಂಬಾ ವೃತ್ತಗಳ ಜಾಲರಿ. ಡಿಸೈನ್ ಕೂಡ ನನ್ನದೇ!

ನಾದಿನಿಯ ಗಂಡ, ಅಂದರೆ ನನ್ನ ಷಡ್ಡಕ ಬಸವರಾಜ, ವಾಳೂಜ್ ಕಡೆಯ ಕಾರ್ಖಾನೆಯೊಂದರಲ್ಲಿ, ಅಚ್ಚು-ಉಪಕರಣ ತಯಾರಿಸುವ ಟೂಲ್‌ರೂಮಿನಲ್ಲಿ ಕೆಲಸ ಮಾಡುತ್ತಾರೆ. ಮಾತು ಕಮ್ಮಿ, ಕೈಕೆಲಸ ಗಟ್ಟಿ. ಮಷೀನಿನ ಕೊರೆಯುವ ತಲೆ ಓಡಾಡುವ ಎರಡು ಉಕ್ಕಿನ ರೇಲ್‌ಗಳನ್ನು ಅವರೇ ಹುಡುಕಿ, ಉಜ್ಜಿ, ಅಳೆದು, ಬಟ್ಟೆ ಸುತ್ತಿ ಕಳಿಸಿದ್ದರು. ಉಳಿದದ್ದೆಲ್ಲ ನಾನು ಬಾಲ್ಕನಿಯಲ್ಲಿ ಜೋಡಿಸಿದ್ದು.

ಬದನೆಕಾಯಿ ಬಂದ ಮೇಲೆ ಟ್ಯೂನಿಂಗ್ ಶುರು. ವೇಗ ಕಮ್ಮಿ ಮಾಡಿದೆ. ಮೋಟರಿಗೆ ಕರೆಂಟ್ ಜಾಸ್ತಿ ಮಾಡಿದೆ. ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ. ಎಂಟು ದಿನ! ಬದನೆಕಾಯಿ ಸಣ್ಣದಾಯಿತು, ದೊಡ್ಡದಾಯಿತು, ದುಂಡಗಾಗಲಿಲ್ಲ. ಒಂದು ಮಾತ್ರ ಗೊತ್ತಾಯಿತು: ಮಷೀನು ಪ್ರತಿ ಸಲವೂ ಎಡಗಡೆಯಿಂದ ಒಂದು ಗೇಣು ದೂರದಲ್ಲಿ, ಅದೇ ಜಾಗದಲ್ಲಿ ಎಡವುತ್ತಿತ್ತು. ಅದೇ ಜಾಗ ಅಂದರೆ ಏನರ್ಥ? ಅಲ್ಲಿ ರೇಲ್ ಸೊಟ್ಟ. ರೇಲ್ ಯಾರದು? ಬಸವರಾಜರದು.

ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಹೆಂಡತಿ ಮನೆಯವರ ವಾಟ್ಸಪ್ ಗ್ರೂಪಿನಲ್ಲಿ ಬದನೆಕಾಯಿಯ ಫೋಟೋ ಹಾಕಿ ಬರೆದೆ: ‘ಬಾಗಿಲು ತಡವಾಗುತ್ತೆ. ಬಸವರಾಜರು ಕೊಟ್ಟ ರೇಲ್ ಸೊಟ್ಟ ಇದೆ. ನೋಡಿ ಕೊಡಬೇಕಿತ್ತು.’

ಬೀದರಿನಲ್ಲಿರುವ ಮಾವನವರು ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರು. ಬಸವರಾಜರೂ ಓದಿದರು. ನನಗೋ, ಎಂಟು ದಿನದ ಸಿಟ್ಟು ಇಳಿದು ಹಗುರವಾಯಿತು. ಎಂಥ ಕೆಟ್ಟ ಸಮಾಧಾನ ನೋಡಿ!

ಕಳೆದ ಭಾನುವಾರ ಅವರು ಬೆಳಗಿನ ಮೊದಲ ಬಸ್ಸು ಹಿಡಿದು, ವೈಜಾಪುರದ ಮೇಲೆ ಹಾದು, ನಮ್ಮ ಮನೆಗೆ ಬಂದೇಬಿಟ್ಟರು. ಕೈಯಲ್ಲಿ ಒಂದು ಪುಟ್ಟ ಮರದ ಡಬ್ಬಿ. ಅದರೊಳಗೆ ಡಯಲ್ ಗೇಜ್, ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಮುಳ್ಳು ಅಲ್ಲಾಡಿಸಿ ತೋರಿಸುವ ಗಡಿಯಾರದಂಥ ಸಾಧನ.

‘ನಾಷ್ಟಾ ಮಾಡ್ರಿ ಮೊದಲ’ ಅಂದಳು ನನ್ನ ಹೆಂಡತಿ.

‘ಆಮ್ಯಾಲ ಮಾಡ್ತೀನ್ರಿ ವೈನಿ’ ಅಂದವರೇ ಬಾಲ್ಕನಿಯಲ್ಲಿ ಮಂಡಿಯೂರಿ ಕೂತರು. ಗೇಜನ್ನು ರೇಲ್ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನಕ್ಕೆ ಓಡಿಸಿದರು. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ರೇಲ್. ಅದೂ ಅಷ್ಟೇ.

‘ಸೀದಾ ಅದ ನೋಡ್ರಿ ಅಣ್ಣಾರ.’

ನೋಡಿದೆ. ನೋಡದೆ ಏನು ಮಾಡಲಿ?

ಆಮೇಲೆ ಕೊರೆಯುವ ತಲೆಯನ್ನು ಕೈಯಿಂದಲೇ ಮೆಲ್ಲಗೆ ತಳ್ಳಿದರು. ಎಡಗಡೆಯಿಂದ ಒಂದು ಗೇಣು. ಟಕ್! ಅವರು ನನ್ನ ಕಡೆ ತಿರುಗಿ, ‘ಇದಕ್ಕ ಪೂಜಾ ಮಾಡೀರೇನ್ರಿ?’ ಅಂದರು.

ಮಾಡಿದ್ದೆ ಸ್ವಾಮಿ! ಮೊದಲ ಸಲ ಸ್ವಿಚ್ ಹಾಕುವ ಮುಂಚೆ, ದಸರೆಯ ದಿನ, ಮಡಿಯುಟ್ಟು ಮಾಡಿದ್ದೆ. ಕುಂಕುಮ, ಚೆಂಡುಹೂವು, ಮೇಲೊಂದು ಮುಷ್ಟಿ ಅಕ್ಷತೆ. ಅರಿಶಿನ, ತುಪ್ಪ ಕಲಸಿದ ಅಸಲಿ ಅಕ್ಷತೆ. ನಮ್ಮಲ್ಲಿ ಹೊಸ ಸ್ಕೂಟರಿಗೂ ಹಾಕುತ್ತೇವೆ, ಮಿಕ್ಸರಿಗೂ ಹಾಕುತ್ತೇವೆ. ಇದಕ್ಕೆ ಬಿಡುತ್ತೇವೆಯೇ?

ಬಸವರಾಜರು ಅಲ್ಯುಮಿನಿಯಂ ಪಟ್ಟಿ ಬಿಚ್ಚಿದರು. ಒಳಗೆ ಆ ತಲೆಯನ್ನು ಎಳೆಯುವ ಹಲ್ಲಿನ ಬೆಲ್ಟು. ಎರಡು ಹಲ್ಲುಗಳ ಸಂದಿಯಲ್ಲಿ, ತುಪ್ಪದ ಜಿಡ್ಡಿಗೆ ಅಂಟಿಕೊಂಡು, ಹಳದಿ ಬಣ್ಣದ ಒಂದೇ ಒಂದು ಅಕ್ಕಿಕಾಳು. ಮೋಟರಿನ ಚಕ್ರ ಅಲ್ಲಿಗೆ ಬಂದಾಗಲೆಲ್ಲ ಬೆಲ್ಟು ಒಂದು ಹಲ್ಲು ಹಾರಿ, ಗೆರೆ ಸೊಟ್ಟಗಾಗುತ್ತಿತ್ತು. ಅವರು ಅದನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ, ಬೆಲ್ಟು ಒರೆಸಿ, ಪಟ್ಟಿ ಹಾಕಿದರು. ಸ್ವಿಚ್ ಒತ್ತಿದೆ. ವೃತ್ತ ಬಂತು. ಬಳೆಯಷ್ಟು ದುಂಡಗೆ.

ಖುಷಿಯಾಗಬೇಕಿತ್ತು. ನಾಚಿಕೆಯಾಯಿತು. ಮಗ್ಗುಲಿಗೆ ಹೋಗಿ ಮೆಲ್ಲಗೆ, ‘ಸಾರಿ ಬಸವರಾಜ್, ಅವಸರ ಮಾಡಿಬಿಟ್ಟೆ’ ಅಂದೆ. ‘ಇರಲಿ ಬಿಡ್ರಿ’ ಅಂದರು. ನಾನು ನಿಟ್ಟುಸಿರು ಬಿಟ್ಟು, ಮುಗಿಯಿತು ಅಂದುಕೊಂಡೆ.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ‘ಬೈಯೂದು ಗ್ರೂಪಿನ್ಯಾಗ, ಸಾರಿ ಬಾಲ್ಕನ್ಯಾಗೇನ್ರಿ?’

ಫೋನ್ ತೆಗೆದೆ. ಮೊದಲು ಬರೆದದ್ದು: ‘ಸಣ್ಣ ಟೆಕ್ನಿಕಲ್ ಸಮಸ್ಯೆ ಇತ್ತು, ಬಗೆಹರಿಯಿತು.’ (ನನ್ನ ಬುದ್ಧಿ ನೋಡಿ!) ಅಳಿಸಿದೆ. ‘ರೇಲ್ ಅಷ್ಟೇನೂ ಸೊಟ್ಟ ಇರಲಿಲ್ಲ’ ಅಂತ ಬರೆದೆ. ಅದನ್ನೂ ಅಳಿಸಿದೆ. ಎಂಟು ದಿನ ಮಷೀನು ಟ್ಯೂನ್ ಮಾಡಿದ್ದು ಇದಕ್ಕಿಂತ ಸುಲಭ ಇತ್ತು. ಕೊನೆಗೆ ಕಣ್ಣು ಮುಚ್ಚಿ ಕಳಿಸಿದೆ: ‘ರೇಲ್ ನೇರವಾಗಿದೆ. ನಾನೇ ಹಾಕಿದ ಅಕ್ಷತೆ ಬೆಲ್ಟಿನಲ್ಲಿ ಸಿಕ್ಕಿತ್ತು. ಬಸವರಾಜರ ಕೆಲಸದಲ್ಲಿ ಯಾವ ದೋಷವೂ ಇಲ್ಲ. ತಪ್ಪು ನನ್ನದು.’

ಅವರ ಜೇಬಿನಲ್ಲಿ ಫೋನ್ ಸದ್ದು ಮಾಡಿತು. ಓದಿ, ಗೇಜನ್ನು ಡಬ್ಬಿಗೆ ಹಾಕುತ್ತಾ ನೆಲ ನೋಡಿಕೊಂಡೇ ಅಂದರು: ‘ಮಾವನೋರು ಓದಿದ್ರ ಸಾಕ್ರಿ ಅಣ್ಣಾರ. ಇಪ್ಪತ್ತು ವರ್ಷ ಆತು, ಇದೊಂದೇ ಕೆಲಸ ಬರ್ತದ ನನಗ. ಅದೂ ಸರಿ ಬರಂಗಿಲ್ಲ ಅಂತ ಅವರು ತಿಳಕೊಂಡ್ರ ಹೆಂಗ ಅಂತ ಎರಡು ದಿನ ಊಟ ಸೇರಿಲ್ರಿ.’

ಒಬ್ಬರನ್ನು ಬೈಯಲು ಇಡೀ ಬಳಗವನ್ನು ಕೂಡಿಸುವ ನಮಗೆ, ತಪ್ಪಾಯಿತು ಅನ್ನಲು ಮಾತ್ರ ಮೂಲೆಯೇ ಯಾಕೆ ಬೇಕು?